ಮಾರಿಕುಪ್ಪಂ ಧೂಳಿಗೆ ಯಾವ ಬಣ್ಣ?

ಹಳದಿ ಬಣ್ಣದ ವಿಷಯದಲ್ಲಿ ಕೆಜಿಎಫ್‌ನವರ ಜೊತೆ ವಾದಕ್ಕೆ ನಿಲ್ಲಬಾರದು. ನೂರಕ್ಕೂ ಹೆಚ್ಚು ವರ್ಷ ನೆಲ ಬಗೆದು ಹಳದಿ ಲೋಹ ತೆಗೆದ ಊರು ಅದು. ಸಾಲದ್ದಕ್ಕೆ ಅಲ್ಲಿಯ ಬೆಮೆಲ್ ಕಾರ್ಖಾನೆಯ ಬುಲ್ಡೋಜರುಗಳೂ ಹಳದಿಯೇ. ಹೀಗಿರುವಾಗ ರಾಬರ್ಟ್‌ಸನ್‌ಪೇಟೆಯ ನನ್ನ ಗೆಳೆಯರೊಬ್ಬರು ಗೇಣುದ್ದದ ಡೀಸೆಲ್ ಎಂಜಿನ್ನಿಗೆ ಹಳದಿ ಪಟ್ಟಿ ಎಳೆಯಲು ಹೊರಟರೆ ಊರವರು ಸುಮ್ಮನಿರುತ್ತಾರೆಯೇ? ಜಗಲಿಗೆ ಬಂದು ಕೂತ ಒಬ್ಬರಿಗೆ ನಿಂಬೆಹಳದಿ ನೆನಪು, ಮತ್ತೊಬ್ಬರಿಗೆ ಅರಿಸಿನ. ಮೂರನೆಯವರದು ತೀರ್ಪು: “ಬೆಮೆಲ್ ಹಳದಿ ಹೊಡೆದುಬಿಡಿ ಸಾರ್, ಯಾರು ಕೇಳ್ತಾರೆ?”

ಕೇಳುವವರು ಇದ್ದಾರೆ ಎಂಬುದೇ ಮಾದರಿ ರೈಲು ಕಟ್ಟುವ ಈ ಹವ್ಯಾಸದ ಕಷ್ಟ. ಡೀಸೆಲ್ ಶೆಡ್ಡಿಗೊಂದು ಬಣ್ಣ ಎಂಬುದು ನಮ್ಮ ರೈಲ್ವೆಯ ಹಳೆಯ ಪದ್ಧತಿ. ಎಂಜಿನ್ನಿನ ಮೈ ನೋಡಿಯೇ ಅದು ಯಾವೂರಿನ ಶೆಡ್ಡಿನದೆಂದು ಹೇಳುವವರು ಪ್ಲಾಟ್‌ಫಾರ್ಮಿಗೊಬ್ಬರಾದರೂ ಸಿಗುತ್ತಾರೆ. ಮದುವೆಮನೆಯಲ್ಲಿ ಸೀರೆಯ ಅಂಚು ನೋಡಿ ಮಗ್ಗದ ಊರು ಹೇಳುವ ಅತ್ತೆಯರಿಗಿಂತ ಇವರೇನೂ ಕಮ್ಮಿಯಿಲ್ಲ.

ಗೆಳೆಯರ ಕೈಗೆ ಬಂದದ್ದು ಅಮೆರಿಕದ ಆಲ್ಕೊ ಎಂಜಿನ್ನಿನ ಮಾದರಿ. ಎಚ್‌ಒ ಅಳತೆ, ಅಂದರೆ ಅಸಲಿನ 87ನೇ ಒಂದು ಪಾಲು. ಮಾಡಬೇಕಾದ್ದು ನಮ್ಮ ಡಬ್ಲ್ಯುಡಿಎಂ-2. ಇದು ಹುಚ್ಚು ಸಾಹಸವೇನಲ್ಲ, ಎರಡೂ ಒಂದೇ ವಂಶದವು. 1962ರಲ್ಲಿ ಮೊದಲ ಕಂತು ಹಡಗಿನಲ್ಲಿ ಆಲ್ಕೊದಿಂದ ಬಂತು. 1964ರ ಜನವರಿಯಲ್ಲಿ ವಾರಾಣಸಿಯ ಕಾರ್ಖಾನೆಯಿಂದ ಅದೇ ನಕ್ಷೆಯ ಮೊದಲ ಎಂಜಿನ್ ಹೊರಬಂತು. 16 ಸಿಲಿಂಡರ್, 2600 ಅಶ್ವಶಕ್ತಿ. ಬೋಗಿಯ, ಅಂದರೆ ಎಂಜಿನ್ನಿನ ಕೆಳಗಿನ ಗಾಲಿಚೌಕಟ್ಟಿನ, ಮೂರು ಅಚ್ಚುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ, ಒಂದು ಕಡೆ ಹತ್ತಿರ, ಒಂದು ಕಡೆ ದೂರ. ಈ ಮನೆತನದ ಲಕ್ಷಣ ಅಮೆರಿಕದ ಮಾದರಿಯಲ್ಲೂ ಇರುವುದರಿಂದ ಗಾಲಿಗಳಿಗೆ ಕೈ ಹಚ್ಚಬೇಕಿಲ್ಲ. ಆದರೆ ಅಮೆರಿಕದ ಎಂಜಿನ್ನಿಗೆ ಬಫರ್ ಇಲ್ಲ. ನಡುವಿನ ಕೊಂಡಿಯೊಂದರಲ್ಲೇ ಅವರ ಸಂಸಾರ ನಡೆಯುತ್ತದೆ. ಗೆಳೆಯರು ಉಬ್ಬುತಲೆಯ ಡ್ರಾಯಿಂಗ್ ಪಿನ್ನುಗಳನ್ನು ತಂದು ಎರಡೂ ತುದಿಗೆ ಎರಡೆರಡು ಬಫರ್ ಕೂರಿಸಿದರು. ಕ್ಯಾಬಿನ ಕಿಟಕಿ ಕೊರೆದು ಮುಂದೆ ದನಕಾಪು ಕಟ್ಟಿದರು. ಎಂಜಿನ್ ಅರ್ಧ ಇಂಡಿಯನ್ ಆಯಿತು.

ಹಳೆ ಬಣ್ಣ ಕೀಳುವುದೇ ನಿಜವಾದ ತಾಳ್ಮೆಯ ಕೆಲಸ. ನೇಲ್ ಪಾಲಿಶ್ ತೆಗೆಯುವ ದ್ರವ ಹಾಕಿದರೆ ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಕರಗಿ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲಗೆ ತಿಕ್ಕಬೇಕು. ಆಮೇಲೆ ಪ್ರೈಮರ್, ಅದರ ಮೇಲೆ ಮೊದಲು ತಿಳಿ ಬಣ್ಣ, ಟೇಪ್ ಅಂಟಿಸಿ ನಂತರ ಗಾಢ ಬಣ್ಣ. ತಿಳಿ ಬಣ್ಣದ ಮೇಲೆ ಗಾಢವಾದದ್ದು ಕೂರುತ್ತದೆ. ಗಾಢದ ಮೇಲೆ ಹಳದಿ ಬಳಿದರೆ ಕಾಮಾಲೆ ಬಂದ ಹಾಗೆ ಕಾಣುತ್ತದೆ. ನಂಬರಿನ ಡೆಕಾಲ್ ಅಂಟಿಸುವ ಮುಂಚೆ ಹೊಳಪಿನ ವಾರ್ನಿಷ್, ಅಂಟಿಸಿದ ಮೇಲೆ ಹೊಳಪಿಲ್ಲದ್ದು. ನಮ್ಮ ಕಡೆ ಮಧ್ಯಾಹ್ನದ ಬಿಸಿಲಿಗೆ ಸ್ಪ್ರೇ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ಬೆಳಗ್ಗೆ ಕಾಫಿಗೆ ಮುಂಚೆ ಹೊಡೆಯುವುದು ಕ್ಷೇಮ.

ಈಗ ಹಳಿಯ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ ಹದಿನಾರೂವರೆ. ಅಂದರೆ ಮಾದರಿಯ ಬಂಗಾರಪೇಟೆ–ಮಾರಿಕುಪ್ಪಂ ಲೈನು ಬಿಗಿ ಚಪ್ಪಲಿ ಹಾಕಿಕೊಂಡೇ ಓಡಬೇಕು. 1894ರಲ್ಲಿ ಗಣಿಗಾಗಿ ಹಾಕಿದ ಆ ಹತ್ತು ಮೈಲಿ ಕವಲು ಪೂರ್ತಿ ಬೇಕೆಂದರೆ 185 ಮೀಟರ್ ಉದ್ದದ ಮನೆ ಬೇಕು. ಗಣಿಯನ್ನೂ ಸೇರಿಸುತ್ತೇನೆಂದರೆ ಇನ್ನೂ ಫಜೀತಿ: ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಆಳ. 87ನೇ ಪಾಲಿಗಿಳಿಸಿದರೂ ಮೇಜಿನ ಕೆಳಗೆ 35 ಮೀಟರ್ ಬಾವಿ ತೋಡಬೇಕು!

ಆದರೆ 1913ರಲ್ಲಿ ಬಂಗಾರಪೇಟೆಯಿಂದ, ಅಂದಿನ ಹೆಸರಲ್ಲಿ ಬೌರಿಂಗ್‌ಪೇಟೆಯಿಂದ, ಕೋಲಾರಕ್ಕೆ ಹಾಕಿದ ನ್ಯಾರೋ ಗೇಜನ್ನು ನೋಡಿ. ಎರಡೂವರೆ ಅಡಿ, ಅಂದರೆ 762 ಮಿ.ಮೀ.; ಭಾಗಿಸಿದರೆ ಎಂಟೂಮುಕ್ಕಾಲು. ಅಂಗಡಿಯ 9 ಮಿ.ಮೀ. ಹಳಿ ಹೆಚ್ಚುಕಡಿಮೆ ಸರಿಹೊಂದುತ್ತದೆ. ಇಂದಿಗೂ ರೈಲು ಓಡುವ ಮಾರಿಕುಪ್ಪಂ ಲೈನು ಮೇಜಿನ ಮೇಲೆ ಸರಿ ಕೂರುವುದಿಲ್ಲ. ಕಿತ್ತು ಬ್ರಾಡ್ ಗೇಜ್ ಮಾಡಿದ ಲೈನು ಸಲೀಸಾಗಿ ಕೂರುತ್ತದೆ. ಗೆಳೆಯರಿಗೆ ಇದನ್ನು ಹೇಳಿದೆ. “ಅದು ಹೊಗೆ ಗಾಡಿ, ನನಗೆ ಬೇಕಿರೋದು ಡೀಸೆಲ್” ಅಂದರು.

ಬಣ್ಣ ಒಣಗಿತು, ಎಂಜಿನ್ ಷೋಕೇಸಿನದಾಯಿತು. ಅದೇ ತೊಂದರೆ. ಮಾರಿಕುಪ್ಪಂಗೆ ಹೋಗಿ ಬರುವ ಎಂಜಿನ್ ಅಷ್ಟು ಶುಚಿಯಾಗಿರುವುದುಂಟೆ? ಛಾವಣಿಗೆ ಮಸಿ, ಬೋಗಿಗೆ ಬ್ರೇಕಿನ ತುಕ್ಕುಪುಡಿ, ಅದೆಲ್ಲ ಎಲ್ಲ ಊರಿನ ಎಂಜಿನ್ನಿಗೂ ಇರುವುದೇ. ಇಲ್ಲಿಯ ವಿಶೇಷ ಸಯನೈಡ್ ದಿಬ್ಬಗಳ ಧೂಳು. ಕಲ್ಲು ಅರೆದು, ಸಯನೈಡ್ ನೀರಲ್ಲಿ ಚಿನ್ನ ಬಸಿದುಕೊಂಡು ಬಿಸಾಡಿದ ಹುಡಿ ಅದು. ಗಾಳಿ ಕಾಲದಲ್ಲಿ ಮನೆಯೊಳಗಿನ ಪಾತ್ರೆಯ ಮೇಲೂ ಕೂರುತ್ತದೆ. ಅದರ ಬಣ್ಣ ಯಾವುದು? ಬೂದಿ ಅಂದರೆ ಸ್ವಲ್ಪ ಹಳದಿ, ಹಳದಿ ಅಂದರೆ ಸ್ವಲ್ಪ ಬಿಳಿ. ಸಂಜೆ ನೋಡಿದರೆ ಮೂರೂ ಅಲ್ಲ. ಯಾವ ಕಂಪನಿಯ ಡಬ್ಬಿಯಲ್ಲೂ ಇಲ್ಲ. ‘ಕೆಜಿಎಫ್’ ಸಿನಿಮಾದವರು ಇದೇ ದಿಬ್ಬಗಳ ನಡುವೆ ಚಿತ್ರೀಕರಿಸಿ ಊರನ್ನು ಮಸಿಗಪ್ಪಾಗಿ ತೋರಿಸಿದರು. ಅದನ್ನು ನಂಬಿ ಬಣ್ಣ ಬೆರೆಸಿದರೆ ಎಂಜಿನ್ ಕಲ್ಲಿದ್ದಲ ಗಣಿಗೆ ಹೊರಟಂತೆ ಕಂಡೀತು. ಪಕ್ಕದ ಬಂಗಾರಪೇಟೆಯೋ, ಪಾನಿಪುರಿಯ ಪಾನಿಗೂ ಬಣ್ಣ ಹಾಕದೆ ತಿಳಿನೀರಿನಲ್ಲೇ ಹೆಸರು ಮಾಡಿದ ಊರು. ಅಲ್ಲಿಯವರನ್ನು ಬಣ್ಣ ಕೇಳಿ ಪ್ರಯೋಜನವಿಲ್ಲ.

ಹಳೆಯ ಫೋಟೋಗಳನ್ನು ನೋಡೋಣವೆಂದರೆ ಗಣಿ ನಡೆಯುತ್ತಿದ್ದ ಕಾಲದ ಬಹುಪಾಲು ಚಿತ್ರಗಳು ಕಪ್ಪು-ಬಿಳುಪು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಜನ ಬೆಂಗಳೂರಿನ ಕೆಲಸಕ್ಕೆ ಬೆಳಗಿನ ಗಾಡಿ ಹಿಡಿಯುವ ಧಾವಂತದಲ್ಲಿ ಬಿದ್ದರು. ಎಂಜಿನ್ನಿನ ಫೋಟೋ ತೆಗೆಯುವ ಪುರುಸೊತ್ತು ಯಾರಿಗಿತ್ತು? ಈಗ ವಿದ್ಯುತ್ ಗಾಡಿ ಬಂದಿದೆ.

ಊರಿಗಾಂ, ಕೋರಮಂಡಲ್, ಚಾಂಪಿಯನ್ ಸ್ಟೇಷನ್ನುಗಳಲ್ಲಿ ಡೀಸೆಲ್ ಗಾಡಿ ನಿಂತಿರುವ ಬಣ್ಣದ ಫೋಟೋ ನಿಮ್ಮ ಮನೆಯ ಆಲ್ಬಮ್ಮಿನಲ್ಲಿದ್ದರೆ ದಯವಿಟ್ಟು ಹುಡುಕಿ ಇಡಿ. ಮದುಮಕ್ಕಳು ಅಡ್ಡ ನಿಂತಿದ್ದರೂ ಚಿಂತೆಯಿಲ್ಲ, ಹಿಂದಿನ ಎಂಜಿನ್ನಿನ ಪಟ್ಟಿ ಮತ್ತು ಅದರ ಮೇಲಿನ ಧೂಳು ಕಂಡರೆ ಸಾಕು.