ದಾರಿಯಲ್ಲಿರುವ ಸರಕು

"303 ಹೊಡೆದ್ಬಿಡಿ ಸಾರ್, ಲಾರಿ ಗೇಟ್ ಹತ್ರ ನಿಂತಿದೆ."

ಸ್ಟೋರ್ಸಿನಲ್ಲಿ ಈ ಮಾತು ಕೇಳಿ ಹೊಸಬರು ಬೆಚ್ಚಿದರೆ ತಪ್ಪೇನಿಲ್ಲ. ತ್ರೀ ನಾಟ್ ತ್ರೀ ಎಂದರೆ ಅವರಿಗೆ ಪೊಲೀಸರ ಹಳೇ ಬಂದೂಕು. ನಮಗೆ ಸ್ಯಾಪ್‌ನ ಮೂವ್‌ಮೆಂಟ್ ಟೈಪ್. ಒಂದು ಪ್ಲಾಂಟಿನಿಂದ ಸರಕು ಹೊರಟಿದೆ, ಇನ್ನೊಂದನ್ನು ಇನ್ನೂ ಮುಟ್ಟಿಲ್ಲ ಎಂದು ಬರೆದಿಡುವ ಮೂರು ಅಂಕಿ. ನನಗೆ ಈ ಅಂಕಿಗಳ ಮೇಲೆ ಒಂದು ಥರದ ಮೋಹ. 301ನ್ನು ರದ್ದು ಮಾಡಲು 302, 303ಕ್ಕೆ 304, 305ಕ್ಕೆ 306. ಬೆಸ ಮಾಡಿದ್ದನ್ನು ಪಕ್ಕದ ಸಮ ಬಿಚ್ಚುತ್ತದೆ. ಆದರೂ ಹಳೆಯ ದಾಖಲೆ ಅಳಿಯುವುದಿಲ್ಲ, ರದ್ದತಿಗೂ ಬೇರೊಂದು ದಾಖಲೆ ಹುಟ್ಟುತ್ತದೆ. 1972ರಲ್ಲಿ ಜರ್ಮನಿಯಲ್ಲಿ ಐಬಿಎಂ ಬಿಟ್ಟು ಬಂದ ಐವರು ಕಟ್ಟಿದ ಕಂಪನಿಯ ಸಾಫ್ಟ್‌ವೇರ್ ಇದು. ಇಷ್ಟು ವರ್ಷವಾದರೂ ಅದರ ಕಟ್ಟುನಿಟ್ಟು ಹೋಗಿಲ್ಲ. ಹೋಗದಿದ್ದರೇ ಚೆನ್ನ.

ಎಲ್ಲಕ್ಕಿಂತ ಸಲೀಸಾದದ್ದು 301. ಮಿಗೋ ಎಂಬ ಪರದೆ ತೆರೆದು, ಎಡಕ್ಕೆ ನಮ್ಮ ಪೀಣ್ಯ, ಬಲಕ್ಕೆ ಹುಬ್ಬಳ್ಳಿ, ನಡುವೆ ನೂರು ಬೇರಿಂಗ್ ಎಂದು ತುಂಬಿಸಿ ಪೋಸ್ಟ್ ಒತ್ತಿದರೆ ಮುಗಿಯಿತು. ಒಂದು ಡಬ್ಬಿಯ ಬೇಳೆಯನ್ನು ಇನ್ನೊಂದಕ್ಕೆ ಸುರಿದ ಹಾಗೆ. ಇಲ್ಲಿ ನೂರು ಇಳಿದ ಕ್ಷಣದಲ್ಲೇ ಅಲ್ಲಿ ನೂರು ಏರುತ್ತದೆ. ಲಾರಿ ಮಾತ್ರ ಇನ್ನೂ ತುಮಕೂರಿನಲ್ಲಿ ಚಹಾಕ್ಕೆ ನಿಂತಿರುತ್ತದೆ. ಹುಬ್ಬಳ್ಳಿಯ ಪ್ಲಾನಿಂಗ್‌ನವರು ಪರದೆಯಲ್ಲಿ ನೂರು ಕಂಡು ಉತ್ಪಾದನೆಯ ಆರ್ಡರ್ ಬಿಡುತ್ತಾರೆ, ರ‍್ಯಾಕಿನ ಮುಂದೆ ಹೋಗಿ ನಿಂತವನಿಗೆ ಕಾಣುವುದು ಧೂಳು. ಎರಡು ಪ್ಲಾಂಟಿಗೂ ಒಂದೇ ಕಾಂಪೌಂಡ್ ಗೋಡೆ ಇದ್ದರೆ 301 ಸರಿ. ನಾನೂರು ಕಿಲೋಮೀಟರಿಗೆ ಅದನ್ನು ಬಳಸುವುದು, ನನ್ನ ಲೆಕ್ಕದಲ್ಲಿ, ಸುಳ್ಳು ಬರೆದಂತೆ.

303ಕ್ಕೆ ಸುಳ್ಳು ಬರೆಯಲು ಸಂಕೋಚವಿದೆ. ಸ್ಟಾಕ್ ತೋರಿಸುವ ಎಂಎಂಬಿಇ ಪರದೆ ತೆರೆದು ನೋಡಿ: ಪೀಣ್ಯದಲ್ಲಿ ನೂರು ಇಳಿದಿದೆ, ಹುಬ್ಬಳ್ಳಿಯ ಹೆಸರಿಗೆ ನೂರು ಬಂದಿದೆ, ಆದರೆ ಬಳಕೆಗೆ ಸಿಗುವ ಕಾಲಂನಲ್ಲಲ್ಲ, ಪಕ್ಕದ 'ಸ್ಟಾಕ್ ಇನ್ ಟ್ರಾನ್ಸ್‌ಫರ್' ಕಾಲಂನಲ್ಲಿ. ಅದಕ್ಕೆ ಸ್ಟೋರೇಜ್ ಲೊಕೇಶನ್ ಇಲ್ಲ, ಯಾವ ಗೋಡೌನಿನಲ್ಲೂ ಇಲ್ಲ. ಹುಬ್ಬಳ್ಳಿಯವರು ಲಾರಿ ಇಳಿಸಿ, ಎಣಿಸಿ, 305 ಹಾಕಿದ ಮೇಲೆ ಆ ಕಾಲಂ ಖಾಲಿಯಾಗಿ ಪಕ್ಕದ್ದು ತುಂಬುತ್ತದೆ. ಈ ಸರಿದಾಟ ನೋಡುವುದೆಂದರೆ ನನಗೆ ಈಗಲೂ ಖುಷಿ. ಎಫ್5 ಒತ್ತುತ್ತ ಕೂತಿದ್ದೂ ಉಂಟು.

ಬೆಲೆಯ ಮಾತು ಬೇರೆ. ಅದು 305ರ ತನಕ ಕಾಯುವುದಿಲ್ಲ, 303ರಲ್ಲೇ ಊರು ದಾಟಿಬಿಡುತ್ತದೆ. ಪೀಣ್ಯದಲ್ಲಿ ಬೇರಿಂಗಿಗೆ 120 ರೂಪಾಯಿ, ಹುಬ್ಬಳ್ಳಿಯ ಸ್ಟ್ಯಾಂಡರ್ಡ್ ದರ 115 ಎಂದಿಟ್ಟುಕೊಳ್ಳಿ. ನೂರಕ್ಕೆ 12,000 ಇಲ್ಲಿಂದ ಹೊರಡುತ್ತದೆ, ಅಲ್ಲಿ 11,500 ಮಾತ್ರ ಕೂರುತ್ತದೆ, ಉಳಿದ 500 ದರವ್ಯತ್ಯಾಸದ ಖಾತೆಗೆ. ಹುಬ್ಬಳ್ಳಿಯಲ್ಲಿ ಸರಾಸರಿ ದರದ ಪದ್ಧತಿ ಇದ್ದರೆ ವ್ಯತ್ಯಾಸದ ಖಾತೆಯ ಗೋಜಿಲ್ಲ, ಸರಾಸರಿಯೇ ತುಸು ಮೇಲೇಳುತ್ತದೆ. ಒಂದೇ ಮನೆಯ ಸರಕು, ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ!

ದೊಡ್ಡವರ ಆಟ ಎಸ್‌ಟಿಒ, ಅಂದರೆ ಸ್ಟಾಕ್ ಟ್ರಾನ್ಸ್‌ಪೋರ್ಟ್ ಆರ್ಡರ್. ಬೇಕಾದವರು ಬೇಕೆಂದು ಬರೆದು ಕೇಳಬೇಕು; ತನ್ನದೇ ಕಂಪನಿಯ ಇನ್ನೊಂದು ಪ್ಲಾಂಟಿಗೆ ಪರ್ಚೇಸ್ ಆರ್ಡರ್, ಡಾಕ್ಯುಮೆಂಟ್ ಟೈಪ್ ಯುಬಿ. ಕಳಿಸುವವರು ನೇರ 351 ಹಾಕಬಹುದು, ಅಥವಾ ಡೆಲಿವರಿ ಮಾಡಿ, ಪಿಕ್ ಮಾಡಿ, 641ರಲ್ಲಿ ಹೊರಡಿಸಬಹುದು. ಎರಡಕ್ಕೂ ಆ ಕಡೆ 101ರ ಸ್ವಾಗತ. ಕಂಪನಿಯೇ ಬೇರೆಯಾದರೆ ಆರ್ಡರ್ ಎನ್‌ಬಿ, ಹೊರಡುವುದು 643, ಹಿಂದೆಯೇ ಬಿಲ್. ಕೆಲಸ ಜಾಸ್ತಿ ಎಂದು ಗೊಣಗುವವರಿದ್ದಾರೆ. ಆದರೆ ಯಾರು ಕೇಳಿದರು, ಎಷ್ಟು ಕೇಳಿದರು, ಎಷ್ಟು ಹೋಯಿತು ಎಂಬುದೆಲ್ಲ ಆರ್ಡರಿನ ಹಿಸ್ಟರಿ ಟ್ಯಾಬಿನಲ್ಲಿ ಸಾಲಾಗಿ ಕೂತಿರುತ್ತದೆ. ಫೋನಿನಲ್ಲಿ "ನಾನು ಹೇಳಿದ್ದೆ, ನೀನು ಕೇಳಿಸ್ಕೊಂಡಿಲ್ಲ" ಎನ್ನುವ ಜಗಳಕ್ಕಿಂತ ಇದು ಮೇಲು.

ಇದೆಲ್ಲದರ ಮೇಲೊಂದು ಭೂಗೋಳವಿದೆ. ಹುಬ್ಬಳ್ಳಿ ದೂರ, ಆದರೆ ರಾಜ್ಯ ಒಂದೇ, ಜಿಎಸ್‌ಟಿ ನೋಂದಣಿ ಒಂದೇ; ಮೂರು ಪ್ರತಿ ಡೆಲಿವರಿ ಚಲನ್ ಸಾಕು, ತೆರಿಗೆಯಿಲ್ಲ. ಹೊಸೂರಿನ ಪ್ಲಾಂಟ್ ಪೀಣ್ಯದಿಂದ ಐವತ್ತು-ಅರವತ್ತು ಕಿಲೋಮೀಟರ್. ಅತ್ತಿಬೆಲೆ ದಾಟಿದ ಕೂಡಲೇ ತಮಿಳುನಾಡು, ಬೇರೆ ನೋಂದಣಿ. 2017ರ ಜುಲೈ 1ರಿಂದ ಕಾನೂನಿನ ಕಣ್ಣಿಗೆ ಆ ಎರಡು ಪ್ಲಾಂಟುಗಳು ಬೇರೆ ಬೇರೆ ವ್ಯಕ್ತಿಗಳು, ಹಾಗಾಗಿ ಸ್ವಂತ ಸರಕಿಗೂ ಐಜಿಎಸ್‌ಟಿ ಬಿಲ್. 301 ಅಲ್ಲಿ ಬಾಯಿಬಿಡುವಂತಿಲ್ಲ. ನಮ್ಮಲ್ಲಿ ಬಿಲ್ ಬೇಕೆಂದರೆ ಡೆಲಿವರಿ ಬೇಕು, ಡೆಲಿವರಿ ಎಂದರೆ ಎಸ್‌ಟಿಒ. ಐವತ್ತು ಸಾವಿರ ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್ ಎರಡು ದಾರಿಗೂ ಇದೆ.

ಸ್ಯಾಪ್‌ನ ಹೊಸ ಪೀಳಿಗೆ ಎಸ್/4 ಹಾನಾ ಬಂದ ಮೇಲೆ ಎಂಬಿ1ಬಿ ಎಂಬ ಹಳೆಯ ಪರದೆ ಹೋಯಿತು. ಈಗ ಎಲ್ಲಕ್ಕೂ ಮಿಗೋ. ಹಳಬರ ಬೆರಳು ಇನ್ನೂ ಎಂಬಿ1ಬಿ ಎಂದೇ ಒತ್ತಿ ಬೈಸಿಕೊಳ್ಳುತ್ತದೆ.

ನನಗೆ ಅತ್ಯಂತ ಪ್ರಿಯವಾದ ವರದಿ ಎಂಬಿ5ಟಿ. ಎಸ್‌ಟಿಒ ಮೇಲೆ ಹೊರಟು ಇನ್ನೂ ತಲುಪದ ಸರಕಿನ ಪಟ್ಟಿ ಅದು. ಮಾರ್ಚ್ 31ರ ರಾತ್ರಿ ಸ್ಟಾಕ್ ಎಣಿಸುವವರು ರ‍್ಯಾಕಿನಲ್ಲಿದ್ದುದನ್ನು ಎಣಿಸುತ್ತಾರೆ. ಹಾವೇರಿಯ ಹತ್ತಿರ ಓಡುತ್ತಿರುವ ಲಾರಿಯೊಳಗಿನದನ್ನು ಎಣಿಸಲು ಇದೊಂದೇ ಗತಿ. ಬಹುಪಾಲು ಸಾಲುಗಳು ಮರುದಿನ ಮಾಯವಾಗುತ್ತವೆ. ಕೆಲವು ಆಗುವುದಿಲ್ಲ. 351ರಲ್ಲಿ ನೂರು ಹೊರಟಿತು, 101ರಲ್ಲಿ ತೊಂಬತ್ತೆಂಟು ಇಳಿಯಿತು. ಉಳಿದೆರಡು ತಿಂಗಳುಗಟ್ಟಲೆ ಪಟ್ಟಿಯಲ್ಲೇ ಪ್ರಯಾಣ ಮಾಡುತ್ತವೆ. ಆರ್ಡರಿನಲ್ಲಿ 'ಡೆಲಿವರಿ ಕಂಪ್ಲೀಟೆಡ್' ಎಂದು ಟಿಕ್ ಹಾಕಿದರೂ ಅವು ಇಳಿಯುವುದಿಲ್ಲ. ಮುಗಿಸಲು ಎರಡು ದಾರಿ: ಹುಬ್ಬಳ್ಳಿಯವರು ಎರಡನ್ನೂ 101ರಲ್ಲಿ ಬರಮಾಡಿಕೊಂಡು 551ರಲ್ಲಿ ಸ್ಕ್ರ್ಯಾಪ್ ಮಾಡಬೇಕು, ಇಲ್ಲವೇ ನಾವು 352ರಲ್ಲಿ ವಾಪಸ್ ತೆಗೆದುಕೊಂಡು ನಮ್ಮಲ್ಲಿ ಸ್ಕ್ರ್ಯಾಪ್ ಮಾಡಬೇಕು. ಮೊದಲನೆಯದರಲ್ಲಿ ನಷ್ಟ ಅವರದು, ಎರಡನೆಯದರಲ್ಲಿ ನಮ್ಮದು. ಹೊರಟ ಕ್ಷಣದಿಂದ ಸರಕು ಪುಸ್ತಕದಲ್ಲಿ ನಿಮ್ಮದೇ ಎಂದು ನನ್ನ ವಾದ. "ಡಬ್ಬ ಕಟ್ಟಿದವರು ನೀವು ರೀ" ಎಂದು ಹುಬ್ಬಳ್ಳಿಯ ಗೆಳೆಯರ ವಾದ. ಅದೂ ಸರಿಯೇ. ಆಡಿಟರ್ ಬರುವ ಹಿಂದಿನ ದಿನ ನೋಡೋಣ ಎಂದಷ್ಟೇ ಈವರೆಗೆ ನಮ್ಮಿಬ್ಬರ ನಡುವೆ ತೀರ್ಮಾನವಾಗಿರುವುದು.