ಕೊನೆಯ ಪಂಕ್ತಿಗೆ ಬಿಸಿ ಊಟ

ಡಿಸ್ನಿ ಹಡಗೆಂದರೆ ಮಕ್ಕಳ ರಾಜ್ಯ. ಹೊಗೆಗೊಳವೆಯ ಮೇಲೂ ಮಿಕ್ಕಿಯ ಕಿವಿ, ಮೆಟ್ಟಿಲಿಳಿದರೆ ರಾಜಕುಮಾರಿ, ಡೆಕ್ಕಿನಲ್ಲಿ ನೀರಿನ ಜಾರುಬಂಡಿ, ಪಕ್ಕದಲ್ಲೇ ಐಸ್‌ಕ್ರೀಮ್. ಅಮೆರಿಕದಲ್ಲಿ ನೆಲೆಸಿದ ನಮ್ಮವರೂ ಊರಿಂದ ಬಂದ ಅಜ್ಜಿ-ತಾತಂದಿರನ್ನು ಕರೆದುಕೊಂಡು ಫ್ಲಾರಿಡಾದಲ್ಲಿ ಇಂಥ ಹಡಗು ಹತ್ತುತ್ತಾರೆ. ಹತ್ತಿದ ಮೇಲೆ ಗೊತ್ತಾಗುತ್ತದೆ, ಹದಿನೆಂಟು ತುಂಬದವರನ್ನು ಒಳಗೆ ಬಿಡದ ಊಟದ ಮನೆಯೂ ಇಲ್ಲಿದೆ ಎಂದು. 'ಮಕ್ಕಳನ್ನು ಬಿಟ್ಟು ಉಣ್ಣೋದಾ? ಗಂಟಲಲ್ಲಿ ಇಳಿಯುತ್ತಾ?' ಎಂದು ಕೇಳುವವರಿದ್ದಾರೆ. ಇಳಿಯುತ್ತದೆ, ಇಳಿಯಬೇಕು ಎನ್ನುವವಳು ನಾನು.

ಇದು ಇತ್ತೀಚಿನ ಯೋಚನೆಯಲ್ಲ. 1998ರಲ್ಲಿ ಹೊರಟ ಮೊದಲ ಹಡಗು 'ಡಿಸ್ನಿ ಮ್ಯಾಜಿಕ್'ನಲ್ಲೇ ದೊಡ್ಡವರಿಗೆಂದು 'ಪಾಲೊ' ಎಂಬ ಇಟಾಲಿಯನ್ ರೆಸ್ಟೊರೆಂಟ್ ಇತ್ತು. ಮನೆಮಂದಿಯೆಲ್ಲ ಕೂತು ಉಣ್ಣುವ ವ್ಯವಸ್ಥೆಯೂ ಅಷ್ಟೇ ಅಚ್ಚುಕಟ್ಟು. ಒಂದೊಂದು ಸಂಜೆ ಒಂದೊಂದು ಊಟದ ಸಭಾಂಗಣ. ಬಡಿಸುವವರೂ ನಮ್ಮೊಡನೆಯೇ ಬರುತ್ತಾರೆ. ಎರಡನೆಯ ಸಂಜೆಗಾಗಲೇ ಅವರಿಗೆ ಯಾವ ಮಗು ಏನು ಮುಟ್ಟುವುದಿಲ್ಲ ಎಂಬುದು ಬಾಯಿಪಾಠ. ಹಾಗಿದ್ದೂ ಆ ಮೇಜಿನಲ್ಲಿ ತಾಯಿಯ ಕಣ್ಣು ತನ್ನ ತಟ್ಟೆಯ ಮೇಲಿರುವುದಿಲ್ಲ. ಚೆಲ್ಲಿದ ನೀರು ಒರೆಸಿ, ಬೇಡವೆಂದವನನ್ನು ರಮಿಸಿ, ಮಿಕ್ಕಿದ್ದನ್ನು ತಾನು ತಿಂದು ಏಳುತ್ತಾಳೆ.

ಪಾಲೊದಲ್ಲಿ ಚಾಕೊಲೇಟ್ ಸೂಫ್ಲೆ ಹೆಸರುವಾಸಿ. ಒಲೆಯಿಂದ ಬರುವಾಗ ಬಟ್ಟಲಿನ ಅಂಚು ಮೀರಿ ಉಬ್ಬಿರುತ್ತದೆ. ಮೇಲಿನ ತೆಳುಪದರವನ್ನು ಚಮಚದಿಂದ ಒಡೆದು, ಆ ಗುಳಿಯೊಳಗೆ ಚಾಕೊಲೇಟ್ ಸಾಸ್, ವೆನಿಲಾ ಸಾಸ್ ಸುರಿಯುತ್ತಾರೆ. ಉಬ್ಬಿಸಿರುವುದು ಮೊಟ್ಟೆಯ ಬಿಳಿಯಲ್ಲಿ ಸಿಕ್ಕಿಕೊಂಡ ಬಿಸಿ ಗಾಳಿ, ಆರಿದಂತೆ ಕುಸಿಯುತ್ತದೆ. ಉಣ್ಣುವವರು ಅದಕ್ಕಾಗಿ ಕಾಯಬಹುದು, ಅದು ಯಾರಿಗಾಗಿಯೂ ಕಾಯದು. ವರ್ಷಗಟ್ಟಲೆ ಆರಿದ ಅನ್ನ ಉಂಡ ತಾಯಿಯೊಬ್ಬಳು ಇದನ್ನು ಬಿಸಿಯಾಗಿರುವಾಗಲೇ, ಕೂತಲ್ಲಿಂದ ಏಳದೆ, ತಳದವರೆಗೂ ತಿಂದು ಮುಗಿಸುವುದು ನನ್ನ ಕಣ್ಣಿಗೆ ಸಣ್ಣ ಸಂಗತಿಯಲ್ಲ.

2011ರ 'ಡಿಸ್ನಿ ಡ್ರೀಮ್'ನಲ್ಲಿ ಪಾಲೊ ಜೊತೆಗೆ 'ರೆಮಿ' ಎಂಬ ಫ್ರೆಂಚ್ ರೆಸ್ಟೊರೆಂಟ್ ಬಂತು. 2007ರ 'ರಾಟಟೂಯಿ' ಚಿತ್ರದಲ್ಲಿ ಅಡುಗೆ ಮಾಡುವ ಇಲಿಯ ಹೆಸರದು. ಅಡುಗೆಯ ಪಟ್ಟಿ ರೂಪಿಸಿದವರಲ್ಲಿ ಫ್ರಾನ್ಸಿನ ಹೆಸರಾಂತ ಬಾಣಸಿಗ ಅರ್ನೊ ಲಾಲ್ಮಾಂ ಒಬ್ಬರು. ಮಕ್ಕಳಿಗೆ ಪ್ರವೇಶವಿಲ್ಲದ ಕೋಣೆಗೆ ಮಕ್ಕಳ ಚಿತ್ರದ ಇಲಿಯ ಹೆಸರಿಟ್ಟದ್ದು ನನಗೆ ಬಹಳ ಹಿಡಿಸಿತು. ಒಳಗೆ ಕೂತವರೂ ಒಂದು ಕಾಲಕ್ಕೆ ಮಕ್ಕಳೇ ಅಲ್ಲವೆ?

ಅಷ್ಟು ಹೊತ್ತು ಮಕ್ಕಳೇನು ಅನಾಥರಲ್ಲ. ಮೂರು ತುಂಬಿದವರಿಗೆ ಓಷನಿಯರ್ ಕ್ಲಬ್ ಇದೆ, ಅದಕ್ಕೆ ಬೇರೆ ಹಣವಿಲ್ಲ. ಇನ್ನೂ ಚಿಕ್ಕವರಿಗೆ ಗಂಟೆಯ ಲೆಕ್ಕದಲ್ಲಿ ಹಣ ಪಡೆದು ನೋಡಿಕೊಳ್ಳುವ ನರ್ಸರಿ. ಮಗು ಹಟ ಹಿಡಿದರೆ ಹೆತ್ತವರ ಫೋನಿಗೆ ಸಂದೇಶ ಬರುತ್ತದೆ. ಆ ಕ್ಲಬ್ಬಿಗೆ, ಎಲ್ಲರಿಗೂ ತೆರೆದಿಡುವ ಹೊತ್ತು ಬಿಟ್ಟರೆ, ದೊಡ್ಡವರನ್ನು ಸೇರಿಸುವುದಿಲ್ಲ. ಒಬ್ಬರಿಲ್ಲದ ಜಾಗ ಇಬ್ಬರಿಗೂ ಬೇಕು. ಬೆಳಗಿನ ತಿಂಡಿಗೆ ಸೇರಿದಾಗ ಇಬ್ಬರ ಹತ್ತಿರವೂ ಹೇಳಿಕೊಳ್ಳಲು ಕಥೆಗಳಿರುತ್ತವೆ.

ನಮ್ಮ ಹಬ್ಬದ ಮನೆಗಳಲ್ಲೂ ಮಕ್ಕಳಿಗೆ ಮೊದಲು ಎಲೆ ಹಾಕುತ್ತಿದ್ದರು. ಆಮೇಲೆ ಗಂಡಸರು. ಬಡಿಸಿ ಸುಸ್ತಾದ ಹೆಂಗಸರು ಕೊನೆಯ ಪಂಕ್ತಿಗೆ ಕೂರುವಾಗ ಸಾರು ಆರಿರುತ್ತಿತ್ತು, ಪಾಯಸದ ಪಾತ್ರೆ ತಳ ಕಂಡಿರುತ್ತಿತ್ತು. ಆದರೂ ಮಾತು, ನಗು ಹೆಚ್ಚಿದ್ದದ್ದು ಆ ಪಂಕ್ತಿಯಲ್ಲೇ, ಏಕೆಂದರೆ ಅಲ್ಲಿ ಯಾರೂ ಯಾರಿಗೂ ಬಡಿಸಬೇಕಾಗಿರಲಿಲ್ಲ. ಆ ಪಂಕ್ತಿಗೂ ಬಿಸಿ ಊಟ ಸಿಗಬೇಕು ಎಂಬುದಷ್ಟೇ ನನ್ನ ಮಾತು. ಹಡಗಿನ ಆ ಊಟಕ್ಕೆ ಟಿಕೆಟ್ಟಿನ ಹಣದ ಮೇಲೆ ಬೇರೆ ತೆರಬೇಕು, ನಿಜ; ರೆಮಿಯಲ್ಲಿ ತಲಾ 100 ಡಾಲರಿಗೂ ಮೇಲೆ. ಅಷ್ಟು ಬೇಡವೆನ್ನುವವರಿಗೆ ಪಾಲೊ ಇದೆ.

ಆದರೆ ಆ ಮೇಜು ಕಾಯ್ದಿರಿಸುವ ಮಗ-ಸೊಸೆ, ಮಗಳು-ಅಳಿಯಂದಿರಲ್ಲಿ ಒಂದು ಬೇಡಿಕೆ. ಅಜ್ಜಿ ಇದ್ದಾರಲ್ಲ, ಮಗುವನ್ನು ನೋಡಿಕೊಳ್ಳುತ್ತಾರೆ ಎಂದು ಅವರನ್ನು ಕ್ಯಾಬಿನ್ನಿನಲ್ಲಿ ಬಿಟ್ಟು ಹೋಗಬೇಡಿ. ಮಗು ಕ್ಲಬ್ಬಿಗೆ ಹೋಗಲಿ. ಆಯುಷ್ಯವಿಡೀ ಕೊನೆಯ ಪಂಕ್ತಿಯಲ್ಲಿ ಉಂಡವರು ಅವರು. ಆ ಮೇಜಿನಲ್ಲಿ ಮೊದಲ ಕುರ್ಚಿ ಅವರದೇ.