ಪಕ್ಕದಲ್ಲೊಂದು ಎಕ್ಸ್ ಇದ್ದಿದ್ದರೆ

ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿ, ಪಿಯುಸಿಯಲ್ಲಿ ಏಕಾಏಕಿ ಇಂಗ್ಲಿಷ್ ಗಣಿತಕ್ಕೆ ಬಿದ್ದ ನನಗೆ ಇಡೀ ಕ್ಯಾಲ್ಕುಲಸ್‌ನಲ್ಲಿ ಮನೆಯವನಂತೆ ಕಂಡದ್ದು ಇ ಪವರ್ ಎಕ್ಸ್ ಒಂದೇ. ಅವಕಲನ ಮಾಡಿದರೂ ಅದೇ, ಅನುಕಲನ ಮಾಡಿದರೂ ಅದೇ. ಮದುವೆಗೂ ತಿಥಿಗೂ ಒಂದೇ ಬಿಳಿ ಪಂಚೆಯಲ್ಲಿ ಬರುತ್ತಿದ್ದ ನಮ್ಮ ದೊಡ್ಡಪ್ಪನ ಹಾಗೆ. ಅನುಕಲನದ ಕೊನೆಗೊಂದು ‘ಪ್ಲಸ್ ಸಿ’ ಹಾಕಬೇಕಿತ್ತು, ಅಷ್ಟೇ. ಅದನ್ನು ಮರೆತು ಕಳಕೊಂಡ ಅರ್ಧರ್ಧ ಅಂಕ ಉಳಿದಿದ್ದರೆ ನನಗೆ ಫಸ್ಟ್ ಕ್ಲಾಸ್ ಬರುತ್ತಿತ್ತೆಂದು ಅಪ್ಪ ಕೊನೆಯವರೆಗೂ ನಂಬಿದ್ದರು. ನಂಬಿಸಿದವನು ನಾನೇ.

ಮುಂದಿನದೂ ಕಷ್ಟವಿರಲಿಲ್ಲ. ಘಾತ ಎರಡೆಕ್ಸ್ ಆದರೆ ಎರಡರಿಂದ ಭಾಗಿಸು, ಮೂರೆಕ್ಸ್ ಆದರೆ ಮೂರರಿಂದ. ಬುಡದಲ್ಲಿ ಇ ಬದಲು 10 ಇದ್ದರೆ ಅದರ ನ್ಯಾಚುರಲ್ ಲಾಗ್‌ನಿಂದ, ಅಂದರೆ ಸುಮಾರು 2.303ರಿಂದ. ಅನುಮಾನ ಬಂದರೆ ಉತ್ತರವನ್ನು ಅವಕಲನ ಮಾಡಿ ತಾಳೆ ನೋಡು. ಈ ಸಲೀಸೇ ನನ್ನ ತಲೆಗೇರಿತು.

‘ಸಾರ್, ಘಾತದಲ್ಲಿ ಎಕ್ಸ್ ಸ್ಕ್ವೇರ್ ಇದ್ರೆ?’ ಎಂದು ಕೇಳಿ, ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಬೋರ್ಡಿಗೆ ಹೋಗಿ ಎರಡೆಕ್ಸ್‌ನಿಂದ ಭಾಗಿಸಿಬಿಟ್ಟೆ. ಮರೆಯದೆ ಪ್ಲಸ್ ಸಿ ಕೂಡ ಬರೆದೆ.

‘ತಾಳೆ ನೋಡಪ್ಪ’ ಎಂದರು. ನೋಡಿದರೆ, ಕರೆಯದ ನೆಂಟನಂತೆ ಇನ್ನೊಂದು ಪದ ಹಿಂದೆ ಬಂದು ಕೂತಿತ್ತು. ಎರಡು ಅಂದರೆ ಯಾವತ್ತೂ ಎರಡೇ. ಎರಡೆಕ್ಸ್ ಹಾಗಲ್ಲ, ಎಕ್ಸ್ ಬದಲಾದಂತೆ ಅದೂ ಬದಲಾಗುತ್ತದೆ.

‘ಮತ್ತೆ ಉತ್ತರ ಏನು ಸಾರ್?’

‘ಉತ್ತರ ಇಲ್ಲ. ಪಕ್ಕದಲ್ಲಿ ಇನ್ನೊಂದು ಎಕ್ಸ್ ಇದ್ದಿದ್ರೆ ಆಗ್ತಿತ್ತು. ಒಂಟಿಯಾಗಿದ್ರೆ ಆಗಲ್ಲ. ಹೋಗಿ ಕೂತ್ಕೊ.’

ಮೇಷ್ಟ್ರಿಗೇ ಗೊತ್ತಿಲ್ಲವೆಂದು ಕೊನೇ ಬೆಂಚು ತೀರ್ಪು ಕೊಟ್ಟಿತು. ಮದುವೆಯಾಗದೆ ಬಸ್‌ಸ್ಟ್ಯಾಂಡ್ ಹಿಂದಿನ ಒಂದೇ ಕೋಣೆಯಲ್ಲಿದ್ದ ಅವರಿಗೆ ಅವತ್ತಿನಿಂದ ‘ಒಂಟಿ ಎಕ್ಸ್’ ಎಂದು ಹೆಸರು ಬಿತ್ತು.

ಎಂಜಿನಿಯರಿಂಗ್ ಸೇರಿದ ಮೇಲೆ ಗೊತ್ತಾಯಿತು. ಘಾತ, ಲಾಗ್, ಸೈನ್, ವರ್ಗಮೂಲ ಎಲ್ಲವನ್ನೂ ಎಷ್ಟೇ ಕಲಸಿದರೂ ಆ ಅನುಕಲನವನ್ನು ಬರೆಯಲಾಗದು. ಹಾಗೆಂದು ಸಾಧಿಸುವ ದಾರಿಯನ್ನು ಫ್ರಾನ್ಸಿನ ಜೋಸೆಫ್ ಲಿಯೂವಿಲ್ 1830ರ ದಶಕದಲ್ಲೇ ಹಾಕಿಕೊಟ್ಟಿದ್ದ. ಘಾತಕ್ಕೊಂದು ಮೈನಸ್ ಹಚ್ಚಿದರೆ ಸ್ಟ್ಯಾಟಿಸ್ಟಿಕ್ಸ್‌ನವರ ಗಂಟೆಯಾಕಾರದ ರೇಖೆ. ಅದಕ್ಕೂ ಇದೇ ಪಾಡು. ಪುಸ್ತಕದ ಕೊನೆಯ ಕೋಷ್ಟಕ ನೋಡಬೇಕು. ಹಾಗಿದ್ದೂ ಅದರಡಿಯ ಒಟ್ಟು ವಿಸ್ತೀರ್ಣ ಕರಾರುವಾಕ್ಕಾಗಿ ಪೈನ ವರ್ಗಮೂಲ.

ಹೇಳಿ ಕ್ಷಮೆ ಕೇಳೋಣವೆಂದು ಹೋದಾಗ ಮೇಷ್ಟ್ರಿಗೆ ವರ್ಗವಾಗಿತ್ತು. ಯಾವೂರಿಗೆಂದು ಅಟೆಂಡರಿಗೂ ನೆನಪಿರಲಿಲ್ಲ.

ಮಗಳು ಈಗ ಸೆಕೆಂಡ್ ಪಿಯುಸಿ. ಮೊನ್ನೆ ಅವಳಿಗೆ ಅದೇ ಲೆಕ್ಕ ಬಂತು, ಪಕ್ಕದಲ್ಲೊಂದು ಎಕ್ಸ್ ಸಮೇತ. ಎರಡೇ ಸಾಲಿನಲ್ಲಿ ಬಿಡಿಸಿದಳು: ಇ ಪವರ್ ಎಕ್ಸ್ ಸ್ಕ್ವೇರ್ ಬೈ ಟೂ, ಪ್ಲಸ್ ಸಿ.

‘ಪಕ್ಕದಲ್ಲಿ ಎಕ್ಸ್ ಇಲ್ದಿದ್ರೆ ಅಪ್ಪ?’

‘ಉತ್ತರ ಇಲ್ಲಮ್ಮ.’

‘ಗೊತ್ತಿಲ್ಲ ಅಂತ ಹೇಳಪ್ಪ, ಪರವಾಗಿಲ್ಲ’ ಎಂದು ನಕ್ಕಳು.

ನಾನು ಲಿಯೂವಿಲ್ಲನ ಹೆಸರೆತ್ತಲಿಲ್ಲ. ಮೇಷ್ಟ್ರೂ ಎತ್ತಿರಲಿಲ್ಲ.